ಮುಳ್ಳು ನಿಲ್ಲುವ ಮೊದಲೇ

ಟಕ್... ಟಕ್... ಟಕ್...

ಅಡುಗೆಮನೆಯ ಸಿಂಕಿನ ಮುಂದೆ ನಿಂತು ಅತ್ತೆ ಮಾತ್ರೆಗಳನ್ನು ಒಂದೊಂದಾಗಿ ಒತ್ತಿ ತೆಗೆಯುತ್ತಿದ್ದರು. ಬೆಳ್ಳಿಯ ಹಾಳೆ ಹರಿದು ಮಾತ್ರೆ ಈಚೆ ಬಿದ್ದಾಗಲೆಲ್ಲ ಆ ಸಣ್ಣ ಸದ್ದು. ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದರು. ಬಿಳಿಯ ಗುಂಡು ಮಾತ್ರೆ ನೀರಿನಲ್ಲಿ ಸುತ್ತು ಹೊಡೆದು, ಜಾಲರಿಯ ಮೇಲೆ ಒಂದು ಗಳಿಗೆ ಅಂಟಿಕೊಂಡು, ಹಾಲಿನ ಗೆರೆಯಂತೆ ಕರಗಿ ಒಳಕ್ಕೆ ಇಳಿದುಹೋಗುತ್ತಿತ್ತು. ಲಾಂಡ್ರಿಯ ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತ ಬಂದ ಸೊಸೆ, ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ನಿಂತುಬಿಟ್ಟಳು.

"ಅತ್ತೆ! ಏನ್ ಮಾಡ್ತಿದೀರಾ ನೀವು?"

"ಕಾಣ್ತಿಲ್ವೇನಮ್ಮಾ? ಮನೆ ಕ್ಲೀನ್ ಮಾಡ್ತಿದೀನಿ."

"ಅವು ಅವರ ಮಾತ್ರೆ ಅತ್ತೆ! ಡಾಕ್ಟರಮ್ಮ ಎಷ್ಟು ಸಲ ಹೇಳಿದಾರೆ, ಒಂದೇ ಸಲಕ್ಕೆ ನಿಲ್ಲಿಸಬಾರದು ಅಂತ..."

"ಅವನ ಮಾತ್ರೆ ಆಗಿತ್ತು. ನೆನ್ನೆ ತನಕ." ಅತ್ತೆ ಹಿಂತಿರುಗಿಯೂ ನೋಡಲಿಲ್ಲ. "ನೆನ್ನೆ ಚರ್ಚಿನ ಸಭೆಯಲ್ಲಿ ನಿನ್ನ ಗಂಡ ಎದ್ದು ನಿಂತು ಏನಂದ? ನಿನಗೆ ಕಿವಿ ಇರಲಿಲ್ವಾ? 'ಗುಣ ಆಯ್ತು' ಅಂದ. ಗುಣ ಆದವನಿಗೆ ಮಾತ್ರೆ ಯಾಕಮ್ಮಾ, ಉಪ್ಪಿನಕಾಯಿ ಹಾಕ್ಕೊಂಡು ತಿನ್ನೋಕಾ?"

ಸೊಸೆ ಬಾಗಿಲ ಕಡೆ ತಿರುಗಿದಳು. ಅವಳ ಗಂಡ ಅಲ್ಲೇ ಇದ್ದ. ಚೌಕಟ್ಟಿಗೆ ಭುಜ ಆನಿಸಿಕೊಂಡು, ತನ್ನದಲ್ಲದ ಯಾವುದೋ ವಸ್ತು ತೊಳೆದುಹೋಗುತ್ತಿದೆಯೇನೋ ಎಂಬಂತೆ ನೋಡುತ್ತ ನಿಂತಿದ್ದ.

"ನೀವಾದ್ರೂ ಹೇಳ್ರೀ!"

"ಬಿಡು ಕಣೇ..." ಅವನ ದನಿ ತಣ್ಣಗಿತ್ತು. "ಅಷ್ಟು ಜನದ ಮುಂದೆ, ದೇವರ ಮುಂದೆ, ಬಾಯಿಬಿಟ್ಟು ಹೇಳಿದೀನಿ. ಇವತ್ತು ಬೆಳಗಾಗೆದ್ದು ಮಾತ್ರೆ ನುಂಗಿದ್ರೆ ನಾನು ದೇವರನ್ನೇ ಸುಳ್ಳುಗಾರನ್ನ ಮಾಡಿದ ಹಾಗಾಗಲ್ವಾ?"

ಕೊನೆಯ ಮಾತ್ರೆಯೂ ಕರಗಿತು. ಅತ್ತೆ ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, "ಸ್ತೋತ್ರ" ಎಂದರು.

ಅವನದು ತಕ್ಕಡಿ ರಿಪೇರಿಯ ಕೆಲಸ. ಪೇಟೆಯಲ್ಲಿ ಎಲ್ಲರಿಗೂ ಅವನು 'ತಕ್ಕಡಿಯವನು'. ತರಕಾರಿಯವರು, ಬೇಕರಿಯವರು, ಹಳೇ ಪೇಪರಿನವರು, ಔಷಧಿಯಂಗಡಿಯವರು, ಯಾರ ತಕ್ಕಡಿ ಮೊಂಡು ಹಿಡಿದರೂ ಅವನ ಬಳಿಗೇ ಬರಬೇಕು. ಸ್ಪ್ರಿಂಗ್ ಬದಲಿಸಿ, ತುಕ್ಕು ಕೆರೆದು, ತಟ್ಟೆಯ ಮೇಲೆ ಹಿತ್ತಾಳೆಯ ತೂಕದ ಬಟ್ಟು ಇಟ್ಟು, ಕೈ ಹಿಂದಕ್ಕೆ ಎಳೆದುಕೊಂಡು ಸುಮ್ಮನೆ ಕಾಯುತ್ತಿದ್ದ. ಗಿರಾಕಿ ಕತ್ತು ಚಾಚಿ "ಸರಿ ಇದೆ ಬಿಡಪ್ಪಾ, ಕೊಡು" ಅಂದರೆ, "ತಡೀರಿ. ಮುಳ್ಳು ಇನ್ನೂ ಆಡ್ತಾ ಇದೆ. ನಿಲ್ಲೋಕೆ ಮೊದಲು ತೂಕ ಓದಬಾರದು" ಅನ್ನುತ್ತಿದ್ದ. ಮಾತೂ ಹಾಗೆಯೇ, ಅಳೆದು ತೂಗಿ. ಮದುವೆಯಾದ ಹೊಸತರಲ್ಲಿ ಸೊಸೆ ನಗುತ್ತಿದ್ದಳು: "ನಾನು ಚೆನ್ನಾಗಿದೀನಾ ಅಂತ ಕೇಳಿದ್ರೂ ಬಟ್ಟು ಇಟ್ಟು ನೋಡ್ತೀರಲ್ರೀ!"

ಆ ಅಳೆದು ತೂಗುವ ಮನಸ್ಸಿಗೇ ಮೊದಲು ಹುಳ ಹಿಡಿಯಿತು. ಔಷಧಿಯಂಗಡಿಯ ಪುಟ್ಟ ತಕ್ಕಡಿ ರಿಪೇರಿ ಮಾಡಿಕೊಟ್ಟು ಬಂದ ಒಂದು ದಿನ, ಊಟಕ್ಕೆ ಕೂತವನು ತಟ್ಟೆ ಬಿಟ್ಟು ಎದ್ದು ಓಡಿದ. ಸರಿಯಾಗಿ ಕೂರಿಸಿದೆನೋ ಇಲ್ಲವೋ... ಒಂದು ಎಳೆ ಹೆಚ್ಚಾಗಿ ಯಾವುದೋ ಮಗುವಿಗೆ ಔಷಧಿ ಜಾಸ್ತಿ ಆಗಿಬಿಟ್ಟರೆ...! ಹೋಗಿ ನೋಡಿದ, ಸರಿಯಾಗಿತ್ತು. ಮನೆಗೆ ಬಂದ. ಮತ್ತೆ ಹೋದ. ಔಷಧಿಯಂಗಡಿಯವನು ಮೊದಮೊದಲು ನಕ್ಕ, ಆಮೇಲೆ ಬೈದ. ಎದೆ ಡವಡವ, ಅಂಗೈಯೆಲ್ಲ ಬೆವರು, ನಿದ್ದೆ ದೂರ. ಹೀಗೇ ತಿಂಗಳುಗಟ್ಟಲೆ ಉರಿದು ಉರಿದು, ಒಂದು ದಿನ ಎಲ್ಲ ಆರಿಹೋಯಿತು. ಭಯವೂ ಇಲ್ಲ, ಏನೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ. "ಏನಾಗುತ್ತೆ ಹೇಳ್ರೀ?" ಎಂದು ಹೆಂಡತಿ ತಲೆ ಸವರಿ ಕೇಳಿದರೆ, "ಒದ್ದೆ ಕಂಬಳಿ ಹೊದ್ದ ಹಾಗೆ... ತೆಗೆಯೋಕೆ ಕೈ ಬರ್ತಿಲ್ಲ" ಅಂದಿದ್ದ.

ಗೋಡೆಯ ಕಡೆ ತಿರುಗಿದ ಆ ಬೆನ್ನನ್ನು ನೋಡಿದಾಗ ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ಆ ಬೆನ್ನನ್ನು ಹಿಂದೆಯೂ ನೋಡಿದ್ದರು. ಅವರ ಗಂಡ, ಸೊಸೆ ಕಾಣದ ಮಾವ, ಇದೇ ಕೋಣೆಯಲ್ಲಿ ಇದೇ ಗೋಡೆಯನ್ನು ನೋಡುತ್ತ ಮಲಗಿ, ಅನ್ನ ಬಿಟ್ಟು, ಮಾತು ಬಿಟ್ಟು, ಕೊನೆಗೆ ಉಸಿರನ್ನೂ ಬಿಟ್ಟಿದ್ದರು. ಅತ್ತೆ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮಗನಿಗಾಗಿ ಉಪವಾಸ ಮಾಡಿದರು, ಮಂಡಿ ಊರಿ ಊರಿ ಮಂಡಿಯ ಚರ್ಮ ಕಪ್ಪಾಯಿತು. ಸೊಸೆ ಮಾತ್ರ ಗಂಡನನ್ನು ಆಟೋದಲ್ಲಿ ಕೂರಿಸಿಕೊಂಡು ಮನಸ್ಸಿನ ಡಾಕ್ಟರ ಬಳಿಗೆ ಕರೆದೊಯ್ದಳು.

"ಪ್ರಾರ್ಥನೆ ಮೇಲೆ ನಂಬಿಕೆ ಇಲ್ವೇನೇ ನಿನಗೆ?"

"ಇದೆ ಅತ್ತೆ. ಆ ಡಾಕ್ಟರು ಸಿಕ್ಕಿದ್ದೂ ನಿಮ್ಮ ಪ್ರಾರ್ಥನೆಯಿಂದಲೇ ಅಂದ್ಕೊಳ್ಳಿ. ಎರಡೂ ದೇವರದ್ದೇ ಅಲ್ವಾ?"

ಮಾತ್ರೆ ನಿಧಾನವಾಗಿ ಹಿಡಿಯಿತು. ಮೊದಲು ನಿದ್ದೆ, ಆಮೇಲೆ ಹಸಿವು. ಒಂದು ಸಂಜೆ ಸೊಸೆ ಒಣಗಿದ ಹಾಸುಬಟ್ಟೆಯನ್ನು ಗಲ್ಲಕ್ಕೆ ಸಿಕ್ಕಿಸಿಕೊಂಡು ಒಬ್ಬಳೇ ಮಡಚಲು ಒದ್ದಾಡುತ್ತಿದ್ದಾಗ, ಅವನು ಎದ್ದು ಬಂದು ಇನ್ನೆರಡು ಮೂಲೆ ಹಿಡಿದ. ಲಾಂಡ್ರಿಯಲ್ಲಿ ಅವಳದು ಅದೇ ಕೆಲಸ. ಆಸ್ಪತ್ರೆಯ, ಹೋಟೆಲಿನ ಹಾಸುಬಟ್ಟೆಗಳನ್ನು ಇಬ್ಬಿಬ್ಬರು ಎದುರುಬದುರು ನಿಂತು ಕೊಡವಿ, ಮೂಲೆಗೆ ಮೂಲೆ ಸೇರಿಸುತ್ತ ಹತ್ತಿರ ಬರುವುದು. ದಿನವಿಡೀ ಯಾರ ಯಾರದೋ ಕೈಗೆ ಮೂಲೆ ಸೇರಿಸಿದವಳಿಗೆ ಅಂದು ಗಂಡನ ಬೆರಳು ತಗುಲಿದಾಗ ಅಳು ತಡೆಯಲಾಗಲಿಲ್ಲ. ಅವನು ಅಂಗಡಿಯ ಬಾಗಿಲನ್ನೂ ತೆಗೆದ. ಆಗಲೇ ಅತ್ತೆ ಅವಸರ ಮಾಡಿದ್ದು.

ಅವರ ಸಭೆಯಲ್ಲಿ ಭಾನುವಾರ ಸಭಾಪಾಲಕರ ಪ್ರಸಂಗಕ್ಕೆ ಮುಂಚೆ ಸಾಕ್ಷಿಯ ಹೊತ್ತು. ದೇವರು ತಮಗೆ ಮಾಡಿದ್ದನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಅತ್ತೆ ಮಗನ ಮೊಣಕೈ ಹಿಡಿದು ಎಬ್ಬಿಸಿದರು. ಅವನು "ನಾನು... ದೇವರ ದಯೆಯಿಂದ... ಗುಣ ಆಗ್ತಾ..." ಅನ್ನುವಷ್ಟರಲ್ಲೇ ಅತ್ತೆ ಕೆಳಗಿನಿಂದ, "ಆಯ್ತು ಅನ್ನು! ನಂಬಿಕೆಯಿಂದ ಆಯ್ತು ಅನ್ನು!" ಎಂದು ಪಿಸುಗುಟ್ಟಿದರು. ಎಲ್ಲ ಕಣ್ಣುಗಳೂ ಅವನ ಮೇಲೆ. ಅಂದು ಅವನಿಗೆ ನಿಜಕ್ಕೂ ಹಗುರ ಅನಿಸಿತ್ತು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. "ಗುಣ ಆಯ್ತು" ಅಂದುಬಿಟ್ಟ. ಇಡೀ ಸಭೆ ಸ್ತೋತ್ರ ಸ್ತೋತ್ರ ಎಂದು ಮೊಳಗಿತು. ಜೀವಮಾನವೆಲ್ಲ ಮುಳ್ಳು ನಿಲ್ಲುವ ತನಕ ಕಾದವನು, ತನ್ನದೇ ತೂಕವನ್ನು ಮಾತ್ರ ಅದು ಆಡುತ್ತಿರುವಾಗಲೇ ಓದಿ ಹೇಳಿಬಿಟ್ಟ!

ಮಾತ್ರೆ ಸಿಂಕಿಗೆ ಹೋದ ವಾರವೆಲ್ಲ ಮನೆಯಲ್ಲಿ ಹಬ್ಬದ ಹಾಗೆ ಸಡಗರ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಮಗನನ್ನು ಗುಣ ಮಾಡಿಸಿಕೊಂಡ ತಾಯಿ ಎಂದು ಅತ್ತೆಗೆ ಹೊಸ ಹೆಸರೇ ಬಂತು, 'ಪ್ರಾರ್ಥನೆ ಅಮ್ಮ'. ತಲೆನೋವಿನವರು, ಮಕ್ಕಳಿಲ್ಲದವರು, ಗಂಡನ ಕುಡಿತಕ್ಕೆ ಬೇಸತ್ತವರು ಶುಕ್ರವಾರದ ಸಂಜೆ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಅತ್ತೆ ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

"ಹೇಗಿದೀಯ ಮಗಾ? ಎಲ್ಲರಿಗೂ ಕೇಳೋ ಹಾಗೆ ಹೇಳು."

"ಚೆನ್ನಾಗಿದೀನಮ್ಮಾ. ದೇವರಿಗೆ ಸ್ತೋತ್ರ."

ಆ ಮನೆಯಲ್ಲಿ ಆ ಪ್ರಶ್ನೆಗೆ ಅದೊಂದೇ ಉತ್ತರ. ಒಂಬತ್ತು ವರ್ಷದ ಮಗಳು, ಎಲ್ಲರ ಬಾಯಲ್ಲಿ 'ಬಟಾಣಿ', ಒಮ್ಮೆ ಜ್ವರದಲ್ಲಿ ನಡುಗುತ್ತ "ಚೆನ್ನಾಗಿದೀನಿ, ಸ್ತೋತ್ರ" ಅಂದು ಅಜ್ಜಿಯ ಮೈಮೇಲೆಯೇ ವಾಂತಿ ಮಾಡಿಕೊಂಡಿದ್ದಳು.

ಸೊಸೆ ಮಾತ್ರ ನೋಡುತ್ತಲೇ ಇದ್ದಳು. ಹೊಸ ಮಾತ್ರೆ ತಂದು ದಿಂಬಿನ ಕೆಳಗಿಟ್ಟಳು. ಅವನು ಮುಟ್ಟಲಿಲ್ಲ. ಊಟ ಕಡಿಮೆಯಾಯಿತು. ಗಡ್ಡ ಬೆಳೆಯಿತು. ಅಂಗಡಿಗೆ ಹೋಗುತ್ತಿದ್ದ, ಆದರೆ ಒಂದೇ ತಕ್ಕಡಿಯನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಸಂಜೆ ಮಾಡುತ್ತಿದ್ದ. ಹಾಸುಬಟ್ಟೆಯ ಮೂಲೆ ಮತ್ತೆ ಅವಳ ಗಲ್ಲಕ್ಕೇ ಬಂತು.

"ರೀ, ಒದ್ದೆ ಕಂಬಳಿ ವಾಪಸ್ ಬಂದಿದೆ ಅಲ್ವಾ? ನನ್ನ ಹತ್ರ ಆದ್ರೂ ನಿಜ ಹೇಳಿ."

ಅವನು ದಿಂಬಿನ ಅಂಚನ್ನು ಉಗುರಿನಿಂದ ಕೆರೆದ. "ಹೇಳಿದ್ರೆ... ಅದು ನನ್ನ ನಂಬಿಕೆಗೆ ಬಂದ ರೋಗ ಅಂತಾರೆ ಕಣೇ. ಮೈಯಿಗೆ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು..."

ಹೀಗೇ ಮೂರ್ನಾಲ್ಕು ವಾರ ಕಳೆದ ಮೇಲೆ ಒಂದು ಶುಕ್ರವಾರ ಬೇಕರಿಯಾಕೆ ಬಂದಳು. ಪೇಟೆಯ ಮೂಲೆಯಲ್ಲಿ ಬ್ರೆಡ್ಡು ಬನ್ನು ಮಾರುವ ದಪ್ಪ ಹೆಂಗಸು. ಅವಳ ತಕ್ಕಡಿ ಆಗ ಅವನ ಅಂಗಡಿಯಲ್ಲೇ ರಿಪೇರಿಗೆ ಬಿದ್ದಿತ್ತು. ಕೈಯಲ್ಲಿ ಬೆಚ್ಚಗಿನ ಬ್ರೆಡ್ಡಿನ ಪೊಟ್ಟಣ, ಮುಖದ ತುಂಬ ನಗು.

"ಪ್ರಾರ್ಥನೆ ಅಮ್ಮಾ, ನಮ್ಮ ದೊಡ್ಡವಳು ಗೊತ್ತಲ್ಲ? ಎರಡು ವರ್ಷದಿಂದ ಇದೇ ಮಾತ್ರೆ, ಇದೇ ಡಾಕ್ಟರು. ನಿಮ್ಮ ಮಗನ ಸಾಕ್ಷಿ ಕೇಳಿದ ದಿನವೇ ಮನೆಗೆ ಬಂದು ಡಬ್ಬಿ ಸಮೇತ ಎಸೆದ್ಲು ನೋಡಿ! 'ಅಮ್ಮಾ, ಅಣ್ಣನಿಗೆ ಆಗಿದ್ದು ನನಗೂ ಆಗುತ್ತೆ' ಅಂದ್ಲು. ಈಗ ನಾಲ್ಕು ದಿನದಿಂದ ಸ್ವಲ್ಪ... ಮಾತು ಕಮ್ಮಿ. ರೂಮಿನ ಬಾಗಿಲು ತೆಗೀತಿಲ್ಲ. ಅದು ಉಪವಾಸ ಪ್ರಾರ್ಥನೆ ಇರಬೇಕು ಅಲ್ವಾಮ್ಮಾ?"

ಅವಳು ಇನ್ನೂ ನಗುತ್ತಲೇ ಇದ್ದಳು. ನಗು ಹಾಗೇ ಮುಖದ ಮೇಲೆ ನಿಂತು, ಯಾರಾದರೂ ಹೌದು ಅನ್ನಲಿ ಎಂದು ಕಾಯುತ್ತಿತ್ತು.

ತಕ್ಕಡಿಯವನು ಚಾಪೆಯಿಂದ ಎದ್ದ. ಅತ್ತೆ ಅವನ ಕೈ ಹಿಡಿದರು. "ಹೇಳು ಮಗಾ, ಹೇಗಿದೀಯ ಅಂತ ಹೇಳು ಅವಳಿಗೆ. ಧೈರ್ಯ ಬರುತ್ತೆ."

ಅವನ ತುಟಿಗಳು ಅಲುಗಿದವು. ಕೈ ಬಿಡಿಸಿಕೊಂಡು, ಚಪ್ಪಲಿಯ ರಾಶಿಯಲ್ಲಿ ತನ್ನದನ್ನು ಹುಡುಕದೆ, ಬರಿಗಾಲಲ್ಲೇ ಬೀದಿಗಿಳಿದು ಹೋದ.

ಸೊಸೆ ಲಾಂಡ್ರಿಯಿಂದ ಬಂದಾಗ ಬಟಾಣಿ ಬಾಗಿಲಲ್ಲಿ ಕಾಯುತ್ತಿದ್ದಳು. "ಅಮ್ಮಾ, ಅಪ್ಪ ಚಪ್ಪಲಿ ಬಿಟ್ಟು ಹೋಗಿದಾರೆ..." ಮುಂದಿನದು ಕೇಳುವ ವ್ಯವಧಾನ ಅವಳಿಗಿರಲಿಲ್ಲ. ಮೊಳೆಗೆ ತೂಗುಹಾಕಿದ್ದ ಅಂಗಡಿಯ ಇನ್ನೊಂದು ಬೀಗದ ಕೈ ಕಿತ್ತುಕೊಂಡು ಓಡಿದಳು. ಪೇಟೆಯಲ್ಲಿ ಇನ್ನೂ ಬೆಳಕಿತ್ತು, ಜನರಿದ್ದರು, ಯಾರೋ ನಗುತ್ತಿದ್ದರು. ಅಂಗಡಿಯ ಶಟರು ಪೂರ್ತಿ ಕೆಳಗಿಳಿದು, ಒಳಗಿನಿಂದ ಬೀಗ ಬಿದ್ದಿತ್ತು. "ದೇವರೇ... ದೇವರೇ... ಹೊತ್ತು ಮೀರಿರದಿರಲಿ..." ಬೀಗ ತೆಗೆದು ಎರಡೂ ಕೈಯಿಂದ ಶಟರನ್ನು ಮೇಲಕ್ಕೆ ದಬ್ಬಿದಳು.

ಒಳಗೆ ಕತ್ತಲು. ಶಟರಿನ ಸಂದಿಯಿಂದ ನುಗ್ಗಿದ ಬೆಳಕು ಮೊದಲು ಬಿದ್ದದ್ದು ಮೂಟೆ ತೂಗುವ ದೊಡ್ಡ ತಕ್ಕಡಿಯ ಮುಖದ ಮೇಲೆ. ಅದರ ಮುಳ್ಳು ಅಲುಗುತ್ತಿತ್ತು. ಒಂದಿಷ್ಟು ಆಚೆ... ಒಂದಿಷ್ಟು ಈಚೆ... ಖಾಲಿ ತಕ್ಕಡಿಯ ಮುಳ್ಳು ಅಲುಗುವುದಿಲ್ಲವಲ್ಲ! ಆಮೇಲೆ ಅವಳಿಗೆ ಗಂಡ ಕಾಣಿಸಿದ. ತಕ್ಕಡಿಯ ಹಲಗೆಯ ಮೇಲೆ ಮಂಡಿಗೆ ತಲೆ ಆನಿಸಿ, ಮುದುಡಿ ಕೂತಿದ್ದ. ಅವನ ಒಂದೊಂದು ಬಿಕ್ಕಿಗೂ ಮುಳ್ಳು ನಡುಗುತ್ತಿತ್ತು.

ಅವಳು ಹೋಗಿ ಅವನನ್ನು ತಬ್ಬಿಕೊಂಡಳು. ಇಬ್ಬರ ತೂಕಕ್ಕೆ ಮುಳ್ಳು ಜಿಗಿದು ಒದ್ದಾಡಿತು.

"ಸಾಯೋಣ ಅಂತಲೇ ಬಂದೆ ಕಣೇ..." ಅವನು ಬಿಕ್ಕಿದ. "ಕೂತೆ, ಅಷ್ಟೆ. ಆಮೇಲೆ ಏಳೋಕಾಗ್ಲಿಲ್ಲ. ಸಾಕು ಮಾಡಪ್ಪಾ ದೇವರೇ ಅಂತ ಕೇಳ್ದೆ. ಅದಕ್ಕೂ ಉತ್ತರ ಇಲ್ಲ. ಆ ಹುಡುಗಿ... ನನ್ನ ಮಾತು ನಂಬಿ... ನಾನು ತಪ್ಪು ತೂಕ ಹೇಳಿದೆ ಕಣೇ! ಅಷ್ಟು ಜನಕ್ಕೆ ತಪ್ಪು ತೂಕ ಹೇಳಿಬಿಟ್ಟೆ!"

"ನಾನಿದೀನಿ. ಏಳ್ರೀ. ಮೊದಲು ಡಾಕ್ಟರ ಹತ್ರ ಹೋಗೋಣ. ಪಾಪ ಪುಣ್ಯ ಎಲ್ಲ ಆಮೇಲೆ."

ಡಾಕ್ಟರಮ್ಮ ಬೈಯಲಿಲ್ಲ. ಮಾತ್ರೆಯನ್ನು ಮತ್ತೆ ಮೊದಲಿನಿಂದ, ಕಡಿಮೆ ಪ್ರಮಾಣದಿಂದ ಶುರುಮಾಡಬೇಕು, ಅವನನ್ನು ಸ್ವಲ್ಪ ದಿನ ಒಬ್ಬನೇ ಬಿಡಬೇಡಿ ಅಂದರು. ಬಾಗಿಲ ತನಕ ಬಂದು ಸೊಸೆಯ ಭುಜ ಮುಟ್ಟಿ, "ನೀವು ಊಟ ಮಾಡ್ತಿದೀರಾ?" ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು. ಎಷ್ಟು ಕಾಲದ ಮೇಲೆ ಯಾರೋ ಅವಳನ್ನು ಕೇಳಿದ್ದರು!

ಆದರೆ ಗಂಡ ಮಾತ್ರೆಗೆ ಬಾಯಿ ತೆರೆಯಲಿಲ್ಲ. ಹಟದಿಂದಲ್ಲ, ಭಯದಿಂದ. ಮಾತ್ರೆ ನೋಡಿದರೆ ಸಭೆಯ ಆ ಕಣ್ಣುಗಳೆಲ್ಲ ನೆನಪಾಗುತ್ತಿದ್ದವು. "ಅಮ್ಮನ್ನ ಕೇಳು" ಎಂದು ಗೋಡೆಗೆ ತಿರುಗಿಕೊಂಡ. ಅಮ್ಮ ಹೂಂ ಅನ್ನಬೇಕು. ಅವನನ್ನು ಬದುಕಿಸುವ ಕೀಲಿ ಈಗ ಅತ್ತೆಯ ಕೈಯಲ್ಲಿತ್ತು.

ಮಾರನೆಯ ಬೆಳಗ್ಗೆ ಬೇಕರಿಯಾಕೆಯ ಸುದ್ದಿ ಬಂತು. ಹುಡುಗಿಯ ಕೋಣೆಯ ಬಾಗಿಲು ಒಡೆದು ತೆಗೆಯಬೇಕಾಗಿ ಬಂದಿತ್ತು. ಆಸ್ಪತ್ರೆಯಲ್ಲಿದ್ದಾಳೆ, ಜೀವಕ್ಕೆ ಅಪಾಯವಿಲ್ಲ, ಆದರೆ ಯಾರನ್ನೂ ಗುರುತು ಹಿಡಿಯುತ್ತಿಲ್ಲ... ಸುದ್ದಿ ಹೇಳಿದವರು ಹೋದ ಮೇಲೆ ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು.

"ಅತ್ತೆ, ಇವರಿಗೆ ಒಂದು ಮಾತು ಹೇಳಿ. ಮಾತ್ರೆ ತಗೋ ಅಂತ. ಒಂದೇ ಮಾತು."

"ಹೇಳಿದ್ರೆ ಸಾಕ್ಷಿ ಸುಳ್ಳಾಗುತ್ತಲ್ಲೇ! ನಾಳೆ ಸಭೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ? ನಂಬಿಕೆಯಲ್ಲಿ ಇನ್ನೂ ಸ್ವಲ್ಪ ಗಟ್ಟಿಯಾಗಿ ನಿಂತ್ರೆ..."

"ನಿಮಗೆ ಮಗ ಬೇಕಾ ಅತ್ತೆ, ಮಗನ ಸಾಕ್ಷಿ ಬೇಕಾ?"

ಸೊಸೆ ಎಂದೂ ಅಷ್ಟು ಜೋರಾಗಿ ಮಾತಾಡಿದವಳಲ್ಲ. ಅತ್ತೆ ಕೈಲಿದ್ದ ಪಾತ್ರೆಯನ್ನು ಕುಕ್ಕಿದರು.

"ನನ್ನ ಹೊಟ್ಟೆ ಸಂಕಟ ನಿನಗೇನೇ ಗೊತ್ತು! ನಿನ್ನ ಮಾವ ಸತ್ತಾಗ ಹೆಣದ ಪಕ್ಕದಲ್ಲೇ ನಿಂತ್ಕೊಂಡು ಏನಂದ್ರು ಗೊತ್ತಾ? 'ನಂಬಿಕೆ ಇಲ್ದೆ ಹೋದ ಮನುಷ್ಯ' ಅಂದ್ರು. ಹಾಡು ಹೇಳೋಕೂ ಯಾರೂ ಬಾಯಿ ತೆಗೀಲಿಲ್ಲ. ಇವನು ಆಗ ನನ್ನ ಸೆರಗು ಹಿಡ್ಕೊಂಡು ನಿಂತಿದ್ದ... ಇಷ್ಟು ವರ್ಷ ಆ ಮಾತು ನನ್ನ ಎದೇಲಿ ಮುರಿದ ಸೂಜಿ ಹಾಗೆ ಇದೆ ಕಣೇ! ಮಗ ಎದ್ದು ನಿಂತು ಗುಣ ಆಯ್ತು ಅಂದಾಗ... ಈ ಮನೆ ಮೇಲೆ ಯಾವ ಶಾಪನೂ ಇಲ್ಲ ಅಂತ ಎಲ್ಲರಿಗೂ ಕೇಳಿಸ್ತು. ಅದನ್ನೂ ವಾಪಸ್ ಕೊಡು ಅಂತೀಯಾ?"

ಸೊಸೆಗೆ ಸಿಟ್ಟು ಬಂದ ಹಾಗೆಯೇ ಇಳಿದುಹೋಯಿತು. ಎದುರಿಗೆ ನಿಂತದ್ದು ಅತ್ತೆಯಲ್ಲ, ಹೆಣದ ಪಕ್ಕದಲ್ಲಿ ಮಗುವಿನ ಕೈ ಹಿಡಿದು ನಿಂತ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು.

ಮೂಲೆಯಲ್ಲಿ ಹಾಲಿಗೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ ಬಟಾಣಿ ತಲೆಯೆತ್ತಿದಳು. ಅಜ್ಜಿಯೇ ಅವಳ ಸಂಡೇ ಸ್ಕೂಲಿನ ಟೀಚರು. "ಅಜ್ಜೀ, ಆ ಪ್ರವಾದಿ ಕತೆ ನೀವೇ ಹೇಳಿದ್ರಲ್ಲ? ಗಿಡದ ಕೆಳಗೆ ಮಲ್ಕೊಂಡು, ದೇವರೇ ನನಗೆ ಸಾಕು, ಸಾಯಿಸಿಬಿಡು ಅಂದವರು. ಅಪ್ಪನೂ ಹಂಗೇ ಅಂದ್ರಂತೆ. ಆ ಪ್ರವಾದಿಗೆ ದೇವದೂತ ಬೈದ್ನಾ?"

ಅತ್ತೆ ಕುಕ್ಕಿದ ಪಾತ್ರೆಯನ್ನು ಮತ್ತೆ ಎತ್ತಿಕೊಂಡರು.

"ಬೈಲಿಲ್ಲ ಅಂದಿದ್ರಿ. ರೊಟ್ಟಿ ಸುಟ್ಟು ಇಟ್ಟಿದ್ದ, ನೀರು ಇಟ್ಟಿದ್ದ. ತಿಂದು ಮತ್ತೆ ಮಲ್ಕೊಂಡ್ರೂ ಸುಮ್ಮನಿದ್ದ. ಆಮೇಲೆ ಇನ್ನೊಂದು ಸಲ ಎಬ್ಬಿಸಿ, ಇನ್ನೂ ತಿನ್ನು, ದಾರಿ ದೂರ ಇದೆ ಅಂದ. ಪರೀಕ್ಷೇಲಿ ಕೇಳ್ತೀನಿ ಅಂತ ಬಾಯಿಪಾಠ ಮಾಡಿಸಿದ್ರಲ್ಲಾ!"

ಅತ್ತೆ ಮೊಮ್ಮಗಳನ್ನೇ ನೋಡುತ್ತ ನಿಂತರು. ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಕತೆ. ಒಂದು ದಿನವೂ ಅದು ತಮ್ಮ ಮನೆಯ ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಮೆಲ್ಲಗೆ ಕೆಳಗೆ ಕುಸಿದು ಕೂತರು. "ನಿನ್ನ ತಾತನಿಗೆ... ಯಾರೂ ರೊಟ್ಟಿ ಕೊಡ್ಲಿಲ್ಲಮ್ಮಾ. ನಾನೂ... ಏಳಿ, ಪ್ರಾರ್ಥನೆ ಮಾಡಿ ಅಂತ ಬೈತಾ ಇದ್ದೆ..." ಎಂದರು.

ಭಾನುವಾರ ಅತ್ತೆ ಬಿಳಿ ಸೀರೆ ಉಟ್ಟು ಹೊರಟರು. ಅವರು ನೇರ ಸಭೆಗೆ ಹೋಗಲಿಲ್ಲ. ಬೇಕರಿಯ ಮುಂದೆ ನಿಂತರು. ಸೊಸೆ ಹಿಂದೆ ನಿಂತಳು. ಗಂಡನ ಹತ್ತಿರ ಬಟಾಣಿಯನ್ನೂ ಪಕ್ಕದ ಮನೆಯ ಅಜ್ಜನನ್ನೂ ಕೂರಿಸಿ ಬಂದಿದ್ದಳು. ಬೇಕರಿಯಾಕೆ ಗಾಜಿನ ಪೆಟ್ಟಿಗೆಯ ಹಿಂದಿನಿಂದ ನೋಡಿದಳು. ಕಣ್ಣು ಊದಿತ್ತು.

"ನಿನ್ನ ಮಗಳ ಮಾತ್ರೆ ಬಿಡಿಸಿದ್ದು ನಾನಮ್ಮಾ," ಅತ್ತೆ ಅಂದರು. "ನನ್ನ ಮಗ ಅಲ್ಲ. ಅವನ ಬಾಯಲ್ಲಿ ಆ ಮಾತು ಇಟ್ಟವಳು ನಾನು. ಬೈದುಬಿಡು."

ಬೇಕರಿಯಾಕೆ ಬೈಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಗಾಜನ್ನು ಒರೆಸುತ್ತಲೇ ಇದ್ದಳು. "ಬೈಯೋಕೂ ಶಕ್ತಿ ಇಲ್ಲಮ್ಮಾ. ಹೋಗಿ. ನಮಗೋಸ್ಕರ ಪ್ರಾರ್ಥನೆ ಮಾಡ್ತೀನಿ ಅಂತ ಮಾತ್ರ ಹೇಳ್ಬೇಡಿ. ಅಷ್ಟು ಸಾಕು."

ಆ ಮಾತನ್ನು ನುಂಗಿಕೊಂಡೇ ಅತ್ತೆ ಸಭೆಗೆ ನಡೆದರು. ಸಾಕ್ಷಿಯ ಹೊತ್ತು ಬಂತು. ಸಭಾಪಾಲಕರು "ಯಾರಾದರೂ..." ಅನ್ನುವ ಮೊದಲೇ ಮುಂದಿನ ಸಾಲಿನಲ್ಲಿ ಅತ್ತೆ ಎದ್ದು ನಿಂತರು. ಪ್ರಾರ್ಥನೆ ಅಮ್ಮ ಎದ್ದರೆಂದು ಹಿಂದಿನ ಸಾಲುಗಳಲ್ಲಿ ಆಗಲೇ "ಸ್ತೋತ್ರ, ಸ್ತೋತ್ರ" ಶುರುವಾಯಿತು.

"ಸ್ತೋತ್ರ ಅನ್ಬೇಡಿ. ಮೊದಲು ಕೇಳಿ." ಅವರು ಹಿಂದಿನ ಸಾಲುಗಳ ಕಡೆ ತಿರುಗಿದರು. "ಹೋದ ತಿಂಗಳು ನನ್ನ ಮಗ ಇಲ್ಲಿ ನಿಂತು ಗುಣ ಆಯ್ತು ಅಂದ. ಗುಣ ಆಗಿರಲಿಲ್ಲ. ಆಗ್ತಾ ಇತ್ತು... ಆಗ್ತಾ ಇದೆ ಅಂತಲೇ ಅವನು ಬಾಯಿ ತೆಗೆದದ್ದು. ಆಯ್ತು ಅನ್ನು ಅಂತ ಕೆಳಗಿಂದ ಹೇಳಿಕೊಟ್ಟವಳು ನಾನು. ಮನೆಗೆ ಹೋಗಿ ಅವನ ಮಾತ್ರೆ ನೀರಿಗೆ ಹಾಕಿದವಳೂ ನಾನೇ. ಈಗ ಅವನು ಮೊದಲಿಗಿಂತ ಕೆಟ್ಟದಾಗಿ ಮಲಗಿದಾನೆ. ಅವನ ಮಾತು ನಂಬಿ ಇನ್ನೊಂದು ಮನೆ ಮಗು ಆಸ್ಪತ್ರೆ ಸೇರಿದೆ..."

ಹಿರಿಯರೊಬ್ಬರು ಎದ್ದರು. "ಅಮ್ಮಾ, ಇದೆಲ್ಲ ಇಲ್ಲಿ ಯಾಕೆ? ಜನರ ನಂಬಿಕೆ ಅಲ್ಲಾಡುತ್ತೆ. ಕೂತ್ಕೊಳ್ಳಿ."

"ಕೂತ್ಕೋತೀನಿ ಅಣ್ಣಾ. ನನ್ನ ಗಂಡ ಸತ್ತಾಗ ನೀವೆಲ್ಲ ನಂಬಿಕೆ ಇಲ್ದೆ ಸತ್ತ ಅಂದ್ರಲ್ಲ, ಅವತ್ತಿಂದ ಕೂತೇ ಇದೀನಿ. ಇವತ್ತೊಂದು ದಿನ ನಿಂತ್ಕೊಳ್ಳೋಕೆ ಬಿಡಿ." ಅತ್ತೆ ಬೆಂಚಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅವರಿಗೆ ನಂಬಿಕೆ ಇತ್ತು. ಕಾಯಿಲೆಯೂ ಇತ್ತು. ನಮ್ಮ ಕರ್ತನೇ ಶಿಲುಬೆಗೆ ಏರೋ ಹಿಂದಿನ ರಾತ್ರಿ ತೋಟದಲ್ಲಿ ನೆಲಕ್ಕೆ ಬಿದ್ದು, ಜೀವ ಹೋಗೋ ಅಷ್ಟು ಸಂಕಟ ಆಗ್ತಿದೆ, ನನ್ನ ಜೊತೆ ಎದ್ದಿರಿ ಅಂತ ಸ್ನೇಹಿತರನ್ನ ಕೇಳ್ಕೊಂಡ. ಅವನಿಗೆ ನಂಬಿಕೆ ಇರಲಿಲ್ಲ ಅಂತೀರಾ? ಜೊತೆಗೆ ಎದ್ದಿರೋಕೆ ಆಗದೆ ನಿದ್ದೆ ಹೋದವರು ನಾವು... ನನ್ನ ಮಾತು ಕೇಳಿ ಯಾರಾದ್ರೂ ಮಾತ್ರೆ ಬಿಟ್ಟಿದ್ರೆ, ಇವತ್ತೇ ಡಾಕ್ಟರ ಹತ್ರ ಹೋಗಿ. ಪ್ರಾರ್ಥನೆಯನ್ನೂ ಮಾಡಿ. ಇಷ್ಟೇ. ನನ್ನ ಸಾಕ್ಷಿ ನಾನು ವಾಪಸ್ ತಗೊಂಡೆ."

ಯಾರೂ ಸ್ತೋತ್ರ ಅನ್ನಲಿಲ್ಲ. ಯಾರೋ ಕೆಮ್ಮಿದರು. ಸಭಾಪಾಲಕರು ತಲೆತಗ್ಗಿಸಿ ನಿಂತಿದ್ದವರು, ಬಹಳ ಹೊತ್ತಾದ ಮೇಲೆ ಹಾಡಿನ ಸಂಖ್ಯೆ ಹೇಳಿದರು, ಅದೂ ತಪ್ಪಾಗಿ. ಹೊರಗೆ ಬರುವಾಗ ಅತ್ತೆಯ ಅಕ್ಕಪಕ್ಕದಲ್ಲಿ ಜಾಗ ತಾನಾಗಿಯೇ ಖಾಲಿಯಾಗುತ್ತ ಹೋಯಿತು. ಗೇಟಿನ ಬಳಿ ಪರಿಚಯವಿಲ್ಲದ ಒಬ್ಬ ಮುದುಕ ಮಾತ್ರ, ಜೇಬಿನ ಮೇಲೆ ಕೈಯಿಟ್ಟುಕೊಂಡು, "ನಾನೂ ಮಾತ್ರೆ ತಗೋತೀನಮ್ಮಾ... ಹೆಂಡತಿಗೂ ಹೇಳಿಲ್ಲ" ಎಂದು ಪಿಸುಗುಟ್ಟಿ ಹೊರಟುಹೋದ.

ಮನೆಗೆ ಬಂದಾಗ ಹಗ್ಗದ ಮೇಲೆ ಹಾಸುಬಟ್ಟೆ ಒಣಗಿತ್ತು. ಸೊಸೆ ಅದನ್ನು ಎಳೆದು, ಅಭ್ಯಾಸದಂತೆ ಗಲ್ಲಕ್ಕೆ ಸಿಕ್ಕಿಸಿಕೊಳ್ಳಹೊರಟಳು. ಅತ್ತೆ ಬಂದು ಎದುರಿನ ಎರಡು ಮೂಲೆ ಹಿಡಿದರು. ಇಬ್ಬರೂ ಕೊಡವಿದರು. ಅತ್ತೆಗೆ ಲಾಂಡ್ರಿಯ ಲೆಕ್ಕ ಗೊತ್ತಿಲ್ಲ, ಮಡಿಕೆ ಸೊಟ್ಟಗಾಯಿತು. ಮೂಲೆ ಸೇರಿಸಲು ಹತ್ತಿರ ಬಂದಾಗ ಸೊಸೆ ಅವರ ಮುಖ ನೋಡಿದಳು. ಅಲ್ಲಿ ಹೆಮ್ಮೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬರೀ ಸುಸ್ತು.

"ಸೊಟ್ಟ ಆಯ್ತು ಕಣೇ."

"ಪರವಾಗಿಲ್ಲ ಅತ್ತೆ. ಮಲಗೋಕೆ ತಾನೇ."

ಅತ್ತೆ ಒಂದು ಬ್ರೆಡ್ಡಿನ ಚೂರು, ಒಂದು ಲೋಟ ನೀರು, ಅಂಗೈಯಲ್ಲಿ ಒಂದು ಮಾತ್ರೆ ಇಟ್ಟುಕೊಂಡು ಕೋಣೆಗೆ ಹೋದರು. ಮಗನ ಬೆನ್ನು ಕಾಣುತ್ತಿತ್ತು. ಪಕ್ಕದಲ್ಲಿ ಕೂತು, ಆ ಬೆನ್ನ ಮೇಲೆ ಕೈಯಿಟ್ಟರು.

"ಏಳು ಮಗಾ. ಸ್ವಲ್ಪ ತಿನ್ನು."

ಅವನು ತಿರುಗಿದ. ಮಾತ್ರೆ ನೋಡಿದ, ತಾಯಿಯ ಮುಖ ನೋಡಿದ.

"ಸಭೆಗೆ ಹೋಗಿದ್ರಾಮ್ಮಾ?"

"ಹೋಗಿದ್ದೆ. ನಿನ್ನ ಸಾಕ್ಷಿ ವಾಪಸ್ ತಂದೆ. ಇನ್ನು ನೀನು ಯಾರಿಗೂ ಏನೂ ಹೇಳ್ಬೇಕಾಗಿಲ್ಲ."

"ಜನ...?"

"ಇದ್ರು."

"ದೇವರು?" ಎಂದು ಅವನು ಕೇಳಿದ. ಮಗುವಿನ ಹಾಗೆ.

ಅತ್ತೆ ಬ್ರೆಡ್ಡಿನ ಚೂರನ್ನು ಅವನ ಕೈಗಿಟ್ಟರು. "ಅವನೂ ಇದ್ದ ಮಗಾ. ಏನೂ ಬೈಲಿಲ್ಲ."

ಅವನು ಬ್ರೆಡ್ಡಿನ ಚೂರು ತಿಂದ. ಆಮೇಲೆ ಮಾತ್ರೆ ನುಂಗಿದ. ನೀರು ಗಲ್ಲದ ಮೇಲೆ ಹರಿಯಿತು. ಅತ್ತೆ ಸೆರಗಿನಿಂದ ಒರೆಸಿದರು. ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಅವನು ಎದ್ದು ಕೂತು ನಕ್ಕ ಎಂದು ಬರೆಯುವ ಆಸೆಯೇನೋ ಇದೆ. ಆದರೆ ಹಾಗಾಗಲಿಲ್ಲ. ದಿನಗಳು ಹಾಗೇ ಬೂದುಬಣ್ಣದಲ್ಲಿ ಬಂದು ಹೋದವು. ಕೆಲವು ಬೆಳಗ್ಗೆ ಎದ್ದ, ಕೆಲವು ಬೆಳಗ್ಗೆ ಏಳಲಿಲ್ಲ. ಬೇಕರಿಯ ಹುಡುಗಿ ಆಸ್ಪತ್ರೆಯಿಂದ ಮನೆಗೆ ಬಂದಳೆಂದು ಸುದ್ದಿ ಬಂತು; ಅವಳ ತಾಯಿ ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. ಅಂಗಡಿಯಲ್ಲಿದ್ದ ತನ್ನ ತಕ್ಕಡಿಯನ್ನು ಕೊನೆಗೂ ವಾಪಸ್ ತರಿಸಿಕೊಳ್ಳಲಿಲ್ಲ. ಸಂಡೇ ಸ್ಕೂಲಿಗೆ ಬೇರೆ ಟೀಚರು ಬಂದರು. ಅತ್ತೆಯನ್ನು ಯಾರೂ ಪ್ರಾರ್ಥನೆ ಅಮ್ಮ ಅನ್ನಲಿಲ್ಲ.

ಆದರೂ ಶುಕ್ರವಾರದ ಸಂಜೆ ಅತ್ತೆ ನಡುಮನೆಯಲ್ಲಿ ಚಾಪೆ ಹಾಸಿದರು. ಅಭ್ಯಾಸ ಬಿಡದು. ಬಾಗಿಲ ಮುಂದೆ ಮನೆಯವರದ್ದಲ್ಲದೆ ಬೇರೆ ಚಪ್ಪಲಿ ಇರಲಿಲ್ಲ. ಬಹಳ ಹೊತ್ತು ಒಬ್ಬರೇ ಕೂತಿದ್ದರು. ಒಳಗಿನ ಕೋಣೆಯ ಬಾಗಿಲು ಸದ್ದು ಮಾಡಿತು. ಮಗ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಚಾಪೆಯ ಅಂಚಿನಲ್ಲಿ ಕೂತ. ಗಡ್ಡ ಹಾಗೇ ಇತ್ತು, ಕಣ್ಣುಗಳೂ ಹಾಗೇ ಇದ್ದವು.

ಅತ್ತೆ ಬಾಯಿ ತೆರೆದರು. ಕೇಳಲೋ ಬೇಡವೋ ಎಂದು ತಡೆದರು. ಆಮೇಲೆ ಕೇಳಿದರು.

"ಹೇಗಿದೀಯ ಮಗಾ?"

ಅವನು ಉತ್ತರಕ್ಕೆ ಅವಸರ ಮಾಡಲಿಲ್ಲ. ಅಂಗಡಿಯಲ್ಲಿ ಕಾಯುತ್ತಿದ್ದ ಹಾಗೆ, ಕೈಗಳನ್ನು ಹಿಂದಕ್ಕೆ ಎಳೆದುಕೊಂಡು, ತನ್ನೊಳಗೆ ಅಲುಗುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದ.

"ಚೆನ್ನಾಗಿಲ್ಲಮ್ಮಾ."

"ಸರಿ," ಅತ್ತೆ ಅಂದರು. ಅವರ ಕಣ್ಣಿಂದ ಎರಡು ಹನಿ ಉದುರಿ ಚಾಪೆಯ ಮೇಲೆ ಬಿದ್ದವು. "ಸರಿ ಕಣೋ. ಇಲ್ಲೇ ಕೂತಿರು."

ಸೊಸೆ ಅಡುಗೆಮನೆಯಿಂದ ಬಂದು ಇನ್ನೊಂದು ಪಕ್ಕ ಕೂತಳು. ಬಟಾಣಿ ಅಪ್ಪನ ತೊಡೆಯ ಮೇಲೆ ತಲೆಯಿಟ್ಟಳು. ಹೊರಗೆ ಬೆಳಕು ಇಳಿಯುತ್ತಿತ್ತು, ದೀಪ ಹಾಕಲು ಯಾರೂ ಏಳಲಿಲ್ಲ. ಅಂದು ಯಾರೂ ಪ್ರಾರ್ಥನೆಗೆ ಮಾತು ಹುಡುಕಲಿಲ್ಲ. ಅವನ ಜೊತೆಗೆ ಎದ್ದು ಕೂತಿದ್ದರು, ಅಷ್ಟೇ.